ದೊಡ್ಡ ಟೊಪ್ಪಿಯವರ ಹತ್ತಿರ ಇರುವ ಗುಡಾರ

ನನ್ನ ಗುಡಾರವನ್ನು ಯಾರೂ ಕದಿಯಲಿಲ್ಲ. ಕೇಳಿ ತೆಗೆದುಕೊಂಡು ಹೋದರು. ಕದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರ ಬಾಗಿಲಿಗೇ ಹೋಗಿ ನಿಂತು ಬಾಯಿಗೆ ಬಂದಂತೆ ಬೈದು, ಮನಸ್ಸು ಹಗುರ ಮಾಡಿಕೊಂಡು ಬರಬಹುದಿತ್ತು. ಕೇಳಿ ಒಯ್ದವರನ್ನು ಬೈಯುವುದು ಹೇಗೆ? ಅದರಲ್ಲೂ ಅವರು ಗಂಡನ ಅಣ್ಣನಾದರೆ?

ಮಾವ ತೀರಿಹೋಗಿ ವರ್ಷ ತುಂಬಿದಾಗ ಸರೋವರದ ಈ ದಡದ ಊರುಗಳಿಗೆಲ್ಲ ಊಟ ಹಾಕಬೇಕಿತ್ತು. ಅಂಥ ಊಟಕ್ಕೆ ಸಾಲಾಗಿ ಬಿಳಿ ಗುಡಾರಗಳು ನಿಲ್ಲದಿದ್ದರೆ ಮನೆತನದ ಮಾನ ಹೋಯಿತೆಂದೇ ಲೆಕ್ಕ. ಭಾವನವರು ನಮ್ಮ ಅಂಗಳಕ್ಕೆ ಬಂದರು. ಕುದುರೆಯಿಂದ ಇಳಿಯಲೂ ಇಲ್ಲ. "ಅನಾರ್, ನಿನ್ನ ಗುಡಾರ ಬೇಕಲ್ಲಮ್ಮ. ಅಪ್ಪನ ಕೆಲಸ" ಎಂದರು. ಅಪ್ಪನ ಕೆಲಸ ಎಂದ ಮೇಲೆ ಯಾವ ಸೊಸೆ ಇಲ್ಲವೆನ್ನುತ್ತಾಳೆ? ನಾನೇ ತೋಳೇರಿಸಿ ನಿಂತು, ಕೆಂಪು ಬಣ್ಣದ ಗಳುಗಳನ್ನೂ ಉಣ್ಣೆಯ ತುಪ್ಪಟದ ಹೊದಿಕೆಗಳನ್ನೂ ಲಾರಿಗೆ ಏರಿಸಿಕೊಟ್ಟೆ.

ಆ ಗುಡಾರ ನನ್ನದು. ಗಂಡನ ಮನೆಯದಲ್ಲ, ನನ್ನದು. ನಾನು ಮದುವೆಯಾಗಿ ಬರುವಾಗ ನಮ್ಮವ್ವ ಕೊಟ್ಟದ್ದು. ಅವ್ವನೂ ಚಿಕ್ಕಮ್ಮಂದಿರೂ ಉಣ್ಣೆ ಬಡಿದು, ಬಿಸಿನೀರು ಹೊಯ್ದು, ಚಾಪೆಯಲ್ಲಿ ಸುತ್ತಿ, ಮೊಣಕೈ ಊರಿ ಉರುಳಿಸಿ ಉರುಳಿಸಿ ಮಾಡಿದ ಹೊದಿಕೆ ಅದು. ಅವ್ವ ಈಗ ಇಲ್ಲ. ಹೊದಿಕೆಗೆ ಮುಖ ಒತ್ತಿದರೆ ಅವಳ ಒಲೆಯ ಹೊಗೆಯ ವಾಸನೆ ಇನ್ನೂ ಬರುತ್ತದೆ. ಬೇಸಿಗೆಯಲ್ಲಿ ಅದರೊಳಗೆ ಪ್ರವಾಸಿಗರನ್ನು ಮಲಗಿಸಿ, ಕೆನೆ ತೆಗೆದು ಬ್ರೆಡ್ಡಿನ ಜೊತೆ ಕೊಟ್ಟು, ಬಂದ ದುಡ್ಡಲ್ಲಿ ಮಕ್ಕಳ ಚಳಿಗಾಲದ ಬೂಟು ನಾನೇ ತರುತ್ತಿದ್ದೆ. ಯಾರ ಮುಂದೆಯೂ ಕೈ ಚಾಚುತ್ತಿರಲಿಲ್ಲ.

ಊಟ ಮುಗಿಯಿತು. ಗುಡಾರ ಬರಲಿಲ್ಲ. ತೇವ ಹಿಡಿದಿದೆ, ಒಣಗಿಸಿ ಕಳಿಸುತ್ತೇವೆ ಎಂದರು. ಹಿಮ ಬಿತ್ತು, ದಾರಿ ಸರಿಯಿಲ್ಲ ಎಂದರು. ಹಿಮ ಕರಗಿತು. ಒಂದು ದಿನ ಕುರಿ ಅಟ್ಟಿಕೊಂಡು ದಡಕ್ಕೆ ಹೋದರೆ ನನ್ನ ಗುಡಾರ ನೀರಿಗೆ ಮುಖ ಮಾಡಿ ನಿಂತಿದೆ, ಬಾಗಿಲಲ್ಲಿ ಇಬ್ಬರು ಬಿಳಿಯರು ಕಾಲು ಚಾಚಿ ಕೂತು ಚಹಾ ಕುಡಿಯುತ್ತಿದ್ದಾರೆ. ನನ್ನ ಮೈಯೆಲ್ಲ ಉರಿದುಹೋಯಿತು.

ಮನೆಗೆ ಬಂದು ನಮ್ಮ ಯಜಮಾನರಿಗೆ ಹೇಳಿದೆ. ಅವರು ಒಳ್ಳೆಯವರೇ, ಆದರೆ ಅಣ್ಣನ ಮಾತು ಬಂತೆಂದರೆ ಸಾಕು, ನಮ್ಮ ಕುದುರೆಗಳಲ್ಲಿ ಒಂದು ಕಳೆದುಹೋಗುತ್ತದೆ.

"ಕೇಳೋಣ ಬಿಡೇ. ಕಂದು ಕುದುರೆ ಕಾಣ್ತಿಲ್ಲ, ನೋಡ್ಕೊಂಡು ಬರ್ತೀನಿ" ಎಂದು ಎದ್ದರು.

"ಕಂದು ಕುದುರೆ ಕೊಟ್ಟಿಗೇಲೇ ಇದೆ."

"ಹಾಗಾದ್ರೆ ಬೂದು ಕುದುರೆ" ಎಂದು ಹೋಗಿಯೇಬಿಟ್ಟರು.

ಅತ್ತೆ ನಮ್ಮ ಜೊತೆಯಲ್ಲೇ ಇರುವುದು. ನಮ್ಮಲ್ಲಿ ತಾಯಿ ಇರುವುದು ಕಿರಿಯ ಮಗನ ಮನೆಯಲ್ಲೇ. ಒಲೆಯ ಮುಂದೆ ಕೂತಿದ್ದ ಅವರು ತಲೆ ಎತ್ತದೆ ಹೇಳಿದರು. "ದೊಡ್ಡ ಮಗ ಅವನು. ಊರಿಗೇ ಹಿರಿಯ. ನೀನು ಬಾಯಿ ಮುಚ್ಕೊಂಡಿರು."

ಬಾಯಿ ತೆರೆದರೂ ಏನೆಂದು ಹೇಳುವುದು? ನಮ್ಮ ಕಡೆ ಸೊಸೆಯಾದವಳು ಗಂಡನ ಕಡೆಯ ಹಿರಿಯರ ಹೆಸರನ್ನು ಬಾಯಲ್ಲಿ ತರುವಂತಿಲ್ಲ. ಪಟ್ಟಣದ ಹುಡುಗಿಯರು ಬಿಟ್ಟಿದ್ದಾರಂತೆ, ನಮ್ಮೂರಲ್ಲಿ ಬಿಟ್ಟಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಅಡ್ಡಹೆಸರು ಕಟ್ಟಿಕೊಂಡು ಅದರಲ್ಲೇ ಕರೆಯಬೇಕು. ನಾನು ಈ ಮನೆಗೆ ಬಂದ ದಿನ ಮುಸುಕಿನ ಸಂದಿಯಿಂದ ಮೊದಲು ಕಂಡದ್ದು ಭಾವನವರ ತಲೆಯ ಮೇಲಿದ್ದ ಬಿಳಿ ತುಪ್ಪಟದ ಟೊಪ್ಪಿ. ಅಂದಿನಿಂದ ನನಗೆ ಅವರು ದೊಡ್ಡ ಟೊಪ್ಪಿಯವರು. ಅವರ ಹೆಸರು ನನಗೆ ಗೊತ್ತಿಲ್ಲವೆಂದಲ್ಲ. ನಾಲಿಗೆಯ ಮೇಲೆ ಒಮ್ಮೆಯೂ ಹೊರಳಿರಲಿಲ್ಲ, ಅಷ್ಟೇ.

ಆ ವಸಂತದಲ್ಲೇ ಊರಿಗೆ ಊರ್ಸುಲಾ ಎಂಬ ಪರದೇಶದ ಹೆಂಗಸು ಬಂದಳು. ಬೇಸಿಗೆಗೆ ಪ್ರವಾಸಿಗರನ್ನು ಕಳಿಸುವ ಸಂಸ್ಥೆಯವಳು. ಊರಿನ ಅತಿಥಿ ಸಂಘಕ್ಕೆ ಅಧ್ಯಕ್ಷರು ಯಾರು? ದೊಡ್ಡ ಟೊಪ್ಪಿಯವರೇ. ಇಷ್ಟು ವರ್ಷ ಎಲ್ಲರ ಪರವಾಗಿ ಮಾತಾಡಿದವರೂ ಅವರೇ. ಊರ್ಸುಲಾ ಮಾತ್ರ ಬೇರೆ ಥರ. "ಅಡುಗೆ ಮಾಡೋರು ಹೆಂಗಸರು, ಹಾಸಿಗೆ ಹಾಸೋರು ಹೆಂಗಸರು. ಅವರೇ ನನ್ನೆದುರು ನಿಂತು, ತಮ್ಮ ಹತ್ತಿರ ಏನಿದೆ ಅಂತ ಇಂಗ್ಲಿಷಿನಲ್ಲಿ ಹೇಳ್ಲಿ. ಹೇಳಿದವರ ಮನೆಗೆ ನೀಲಿ ಹಲಗೆ" ಎಂದುಬಿಟ್ಟಳು. ಬಾಗಿಲಿಗೆ ನೀಲಿ ಹಲಗೆ ಬಿದ್ದರೆ ಪ್ರವಾಸಿಗರು ಆ ಮನೆಗೇ ಬರುತ್ತಾರೆ. ನನ್ನ ಗುಡಾರದ ಹಲಗೆ ಯಾರ ಕೈಗೆ ಹೋಗುತ್ತದೋ ಗುಡಾರ ಅವರದೇ ಆಗಿಬಿಡುತ್ತದೆ, ಇನ್ನು ಜನ್ಮಕ್ಕೆ ನನ್ನ ಕೈಗೆ ಬರುವುದಿಲ್ಲ ಎಂದು ನನಗೆ ಅವತ್ತೇ ಹೊಳೆಯಿತು.

ಹಾಗಾಗಿ ಕಲಿಯಲು ಹೋದೆ. ಮಧ್ಯಾಹ್ನ ಹಾಲು ಕರೆದ ಮೇಲೆ ಶಾಲೆಯ ಪುಟ್ಟ ಬೆಂಚುಗಳಲ್ಲಿ ಮಂಡಿ ಮಡಚಿ ಕೂತು ಇಂಗ್ಲಿಷ್. ಪಾಠ ಮಾಡುವವಳು ಜಿಪಾರ್, ನಮ್ಮೂರ ಶಾಲೆಯ ಟೀಚರು, ನನ್ನ ತಂಗಿಯಷ್ಟು ವಯಸ್ಸು.

"ಐ ಹ್ಯಾವ್, ಯೂ ಹ್ಯಾವ್, ವೀ ಹ್ಯಾವ್, ದೇ ಹ್ಯಾವ್. ಹೀ ಅಂದ್ರೆ, ಶೀ ಅಂದ್ರೆ ಮಾತ್ರ ಹ್ಯಾಸ್. ಎಲ್ಲಿ, ಹೇಳಿ."

ನಮ್ಮ ಭಾಷೆಯಲ್ಲಿ 'ನನ್ನ ಹತ್ತಿರ ಇದೆ' ಎಂದರೆ ಮುಗಿಯಿತು. ಯಾರ ಹತ್ತಿರ ಇದ್ದರೂ ಇದೆಯೇ. ಇವರಿಗೆ ನನ್ನ ಹತ್ತಿರ ಇದ್ದರೆ ಒಂದು, ಪಕ್ಕದವಳ ಹತ್ತಿರ ಇದ್ದರೆ ಇನ್ನೊಂದು. ಅದೂ ಹೋಗಲಿ, ಅವಳು ಅವನು ಎಂದು ಬೇರೆ ಬೇರೆ ಇಟ್ಟುಕೊಂಡಿದ್ದಾರೆ. ನಮ್ಮ ಮಾತಿನಲ್ಲಿ ಎರಡಕ್ಕೂ ಒಂದೇ ಪದ. ನೆರೆಮನೆಯ ಬಾತ್ಮಾ ತನ್ನ ಗಂಡನನ್ನು ಪಾಠ ಮುಗಿಯುವವರೆಗೂ ಶೀ ಎಂದೇ ಕರೆದಳು. "ಮನೇಲಿ ಅವರು ಇರೋದೂ ಹಾಗೇ, ಏನೂ ತಪ್ಪಿಲ್ಲ ಬಿಡಿ" ಎಂದಳು.

ಆದರೆ ಜಿಪಾರ್ ತಲೆ ಚಚ್ಚಿಕೊಂಡದ್ದು ಅದಕ್ಕಲ್ಲ. ಅತ್ತೆಯ ಬಗ್ಗೆ ಹೇಳಿ ಎಂದರೆ ಇಡೀ ತರಗತಿ 'ದೇ ಹ್ಯಾವ್' ಎಂದು ಒಂದೇ ದನಿಯಲ್ಲಿ ಹೇಳುತ್ತಿತ್ತು.

"ಅತ್ತೆ ಒಬ್ಬರೇ ತಾನೇ? ಶೀ ಹ್ಯಾಸ್ ಅನ್ಬೇಕು. ದೇ ಅಂದ್ರೆ ತುಂಬಾ ಜನ" ಎಂದಳು ಜಿಪಾರ್.

"ಅತ್ತೇನ ಒಂಟಿಯಾಗಿ ಹೇಗಮ್ಮ ಅನ್ನೋದು? ಕೂಸನ್ನ ಕರೆದ ಹಾಗೆ?" ಎಂದಳು ಬಾತ್ಮಾ.

"ಇಂಗ್ಲಿಷಲ್ಲಿ ಎಲ್ಲರೂ ಒಂದೇ. ದೇವರಿಗೂ ಹೀ ಅಂತಾರೆ."

"ಥೂ, ನಾಚಿಕೆ ಇಲ್ಲದ ಭಾಷೆ" ಎಂದೆ ನಾನು. ಎಲ್ಲರೂ ನಕ್ಕರು, ಜಿಪಾರಳೂ ನಕ್ಕಳು. ಆದರೆ ತಿದ್ದಿಕೊಂಡವರು ಒಬ್ಬರೂ ಇಲ್ಲ.

ಮನೆಯಲ್ಲಿ ಹಸುವಿನ ಪಕ್ಕೆಗೆ ಹಣೆ ಕೊಟ್ಟು ಕೂತು ನಾನು ಬಾಯಿಪಾಠ ಮಾಡುತ್ತಿದ್ದೆ. ಅತ್ತೆ ಬಂದು ಹಿಂದೆ ನಿಂತರು.

"ಏನೇ ಅದು ಹ್ಯಾವ್ ಹ್ಯಾವ್ ಅಂತ, ಕುರಿ ಕಾಯೋ ನಾಯಿ ಹಾಗೆ?"

"ಹತ್ತಿರ ಇದೆ ಅನ್ನೋದಕ್ಕೆ ಹಾಗಂತಾರೆ ಅತ್ತೆ."

"ನಿನ್ನ ಹತ್ತಿರ ಏನಿದೆಯೇ?"

"ಏನೂ ಇಲ್ಲ. ಅದಕ್ಕೇ ಕಲೀತಿದ್ದೀನಿ."

ಅತ್ತೆ ಹಾಲಿನ ಬಕೆಟ್ಟು ತಾವೇ ಎತ್ತಿಕೊಂಡು ಒಳಗೆ ಹೋದರು. ಸಿಟ್ಟು ಬಂದಿರಬೇಕು ಎಂದುಕೊಂಡೆ. ಬಂದರೆ ಬರಲಿ ಎಂದೂ ಅಂದುಕೊಂಡೆ.

ಸಭೆ ಊರಿನ ಕ್ಲಬ್ಬಿನಲ್ಲಿ ನಡೆಯಿತು. ಹಳೆಯ ಕಾಲದ ಕಟ್ಟಡ, ಒಡೆದ ಕಿಟಕಿಗೆ ಪ್ಲಾಸ್ಟಿಕ್ ಹಾಳೆ. ವೇದಿಕೆಯ ಮೇಲೆ ಊರ್ಸುಲಾ, ಪಕ್ಕದಲ್ಲಿ ಕಾಲ ಮೇಲೆ ಕಾಲು ಹಾಕಿ ದೊಡ್ಡ ಟೊಪ್ಪಿಯವರು, ಇನ್ನೊಂದು ಪಕ್ಕದಲ್ಲಿ ಮಾತು ದಾಟಿಸಲು ಜಿಪಾರ್. ಮೇಜಿನ ಮೇಲೆ ನೀಲಿ ಹಲಗೆಗಳ ರಾಶಿ. ಮುಂದಿನ ಸಾಲಿನಲ್ಲಿ ಊರಿನ ಮುದುಕಿಯರು, ಅವರ ಮಧ್ಯೆ ನಮ್ಮತ್ತೆ. ನಮ್ಮ ಯಜಮಾನರು ಬೆಳಿಗ್ಗೆಯೇ ಕುದುರೆ ಹುಡುಕಲು ಹೋಗಿದ್ದರು.

ಬಾತ್ಮಾ ಎದ್ದು ನಿಂತಳು. ತನ್ನ ಹತ್ತಿರ ಮನೆ ಇದೆ, ಹಸುಗಳಿವೆ, ಬಿಸಿನೀರಿದೆ ಎಂದಳು. ಅತ್ತೆಯವರಿಗೆ ಮಂಡಿನೋವು ಇದೆ ಎಂಬುದನ್ನೂ ಸೇರಿಸಿದಳು. ಎಂದಿನಂತೆ ದೇ ಹ್ಯಾವ್. ಊರ್ಸುಲಾ ನಕ್ಕು ಹಲಗೆ ಕೊಟ್ಟಳು. ಹೀಗೇ ಒಬ್ಬೊಬ್ಬಳು ಹೋಗಿ ಹಲಗೆ ಎದೆಗವಚಿಕೊಂಡು ಬಂದಳು. ನನ್ನ ಸರದಿ ಬಂತು.

"ಐ ಹ್ಯಾವ್ ಒನ್ ಯುರ್ಟ್" ಎಂದೆ. ಗುಡಾರಕ್ಕೆ ಅವರು ಹಾಗೆನ್ನುತ್ತಾರೆ.

ದೊಡ್ಡ ಟೊಪ್ಪಿಯವರು ಊರ್ಸುಲಾಳ ಕಡೆ ಬಾಗಿ ಏನೋ ಅಂದರು. ಅವಳು ಹುಬ್ಬು ಗಂಟಿಕ್ಕಿ ನನ್ನ ಕಡೆ ತಿರುಗಿದಳು. ಜಿಪಾರ್ ಸಣ್ಣ ದನಿಯಲ್ಲಿ ದಾಟಿಸಿದಳು: "ನಿಮ್ಮಂಗಳದಲ್ಲಿ ಗುಡಾರ ಇಲ್ವಂತಲ್ಲ. ಎಲ್ಲಿದೆ ಅಂತ ಕೇಳ್ತಿದ್ದಾರೆ."

"ದೇ ಹ್ಯಾವ್" ಎಂದೆ.

"ದೇ ಅಂದ್ರೆ ಯಾರು?"

ಅವರ ಹೆಸರು ಹೇಳುವಂತಿಲ್ಲ. ಹಿರಿಯರತ್ತ ಬೆರಳು ತೋರಿಸುವುದು ಅದಕ್ಕಿಂತ ಕೆಟ್ಟದ್ದು. ನನಗೆ ಗೊತ್ತಿದ್ದ ಒಂದೇ ದಾರಿ ಹಿಡಿದೆ. ಟೊಪ್ಪಿಗೆ ಹ್ಯಾಟ್ ಎನ್ನುತ್ತಾರೆ, ದೊಡ್ಡದಕ್ಕೆ ಬಿಗ್.

"ಮಿಸ್ಟರ್ ಬಿಗ್ ಹ್ಯಾಟ್" ಎಂದೆ.

ಊರ್ಸುಲಾ ಸಭೆಯತ್ತ ನೋಡಿದಳು. ಗಂಡಸರೆಲ್ಲರ ತಲೆಯ ಮೇಲೂ ಬಿಳಿ ಟೊಪ್ಪಿ. ಒಂದಕ್ಕಿಂತ ಒಂದು ದೊಡ್ಡದು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಕ್ಲಬ್ಬು ನಕ್ಕಿತು. ಮಿಸ್ಟರ್ ಬಿಗ್ ಹ್ಯಾಟ್ ಎದ್ದು ನಿಲ್ಲಬೇಕು ಎಂದು ಊರ್ಸುಲಾ ಪಾಪ, ಗಂಭೀರವಾಗಿಯೇ ಕೇಳಿದಳು. ಆಗ ನೋಡಿ, ಮಲಗುವಾಗಲೂ ಟೊಪ್ಪಿ ತೆಗೆಯದ ನಮ್ಮ ಭಾವನವರು ಮೆಲ್ಲಗೆ ಟೊಪ್ಪಿ ತೆಗೆದು ಕುರ್ಚಿಯ ಕೆಳಗೆ ಇಟ್ಟುಕೊಂಡರು.

ಅದನ್ನು ಎಲ್ಲರೂ ಕಂಡರು. ಯಾರೂ ತುಟಿ ಬಿಚ್ಚಲಿಲ್ಲ. ಜಿಪಾರ್ ಅವರ ಹೆಸರು ಹೇಳಬಹುದಿತ್ತು, ಅವಳು ಅವರ ಸೊಸೆಯಲ್ಲ. ಆದರೆ ಚಳಿಗಾಲದಲ್ಲಿ ಶಾಲೆಗೆ ಕಲ್ಲಿದ್ದಲು ಬರುವುದು ಅವರ ಕೈಯಿಂದ. ಅವಳು ತನ್ನ ಉಗುರು ನೋಡಿಕೊಳ್ಳುತ್ತಾ ನಿಂತಳು. ಉಳಿದವರಿಗೂ ಒಂದಲ್ಲ ಒಂದು ಕಲ್ಲಿದ್ದಲು ಇತ್ತು.

ದೊಡ್ಡ ಟೊಪ್ಪಿಯವರು ಎದ್ದು ನಿಂತು, ಎಲ್ಲರಿಗೂ ತಿಳಿಯಲೆಂದು ನಮ್ಮ ಭಾಷೆಯಲ್ಲೇ ಹೇಳಿದರು. "ನಮ್ಮ ಕಿರಿ ಸೊಸೆ. ಪಾಪ, ಭಾಷೆ ಬರಲ್ಲ, ಗಾಬರಿಯಾಗಿದ್ದಾಳೆ. ಗುಡಾರ ಮನೆತನದ್ದು. ದಡದಲ್ಲಿ ನಾನೇ ನೋಡ್ಕೋತಿದ್ದೀನಿ. ಅದರ ಹಲಗೆ ನನ್ನ ಕೈಲಿ ಕೊಟ್ರೆ ಆಯ್ತು." ನನ್ನ ಕಡೆ ತಿರುಗಿ, "ಕೂತ್ಕೋ ತಾಯಿ, ನೀನು ಕೂತ್ಕೋ" ಎಂದರು. ಎಷ್ಟು ಅಕ್ಕರೆ ಅನ್ನುತ್ತೀರಿ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನನ್ನ ಗುಡಾರ ತೆಗೆಯುತ್ತಿದ್ದರು.

ಊರ್ಸುಲಾ ಜಿಪಾರ್ ಹೇಳಿದ್ದನ್ನು ಕೇಳಿಸಿಕೊಂಡಳು. ನನ್ನನ್ನೊಮ್ಮೆ ನೋಡಿದಳು. ಬೇಜಾರಾಗಿದೆ ಎಂಬಂತೆ ತಲೆಯಾಡಿಸಿ, ನೀಲಿ ಹಲಗೆಯೊಂದನ್ನು ಎತ್ತಿ ಅವರ ಕಡೆ ಚಾಚಿದಳು. ಅವರೂ ಕೈ ಚಾಚಿದರು.

ನನಗೆ ಅವ್ವನ ಮೊಣಕೈ ನೆನಪಾಯಿತು. ಬಿಸಿ ತುಪ್ಪಟ ಉರುಳಿಸಿ ಉರುಳಿಸಿ ಚರ್ಮ ಸುಲಿದಿದ್ದ ಮೊಣಕೈ. ಆಗ ನನಗೆ ಹೆದರಿಕೆ ಇರಲಿಲ್ಲ ಎಂದರೆ ಸುಳ್ಳು. ಹೆದರಿಕೆ ಇತ್ತು, ಅದರ ಮೇಲೆ ಸಿಟ್ಟು ಇತ್ತು, ಸಿಟ್ಟೇ ದೊಡ್ಡದಿತ್ತು.

"ತುರ್ದುಬಾಯ್" ಎಂದೆ.

ನನ್ನ ಕಿವಿಗೇ ಆ ಹೆಸರು ಹೊಸದಾಗಿತ್ತು. ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದೆ.

"ತುರ್ದುಬಾಯ್. ಹೀ ಹ್ಯಾಸ್ ಮೈ ಯುರ್ಟ್."

ಆಮೇಲೆ ಊರಿನವರ ಕಡೆ ತಿರುಗಿ ನಮ್ಮ ಭಾಷೆಯಲ್ಲೇ ಹೇಳಿದೆ. "ನಿಮಗೆಲ್ಲ ಅರ್ಥವಾಗ್ಲಿ. ನನ್ನ ಗುಡಾರ ತುರ್ದುಬಾಯ್ ಹತ್ತಿರ ಇದೆ. ಅವನು ಅಪ್ಪನ ಕೆಲಸ ಅಂದ, ನಾನು ಕೊಟ್ಟೆ. ಹಿಂದಕ್ಕೆ ಕೊಡ್ಲಿಲ್ಲ. ಅದು ನಮ್ಮವ್ವ ಮಾಡಿದ ಗುಡಾರ. ಮನೆತನದ್ದಂತೆ. ಯಾವ ಮನೆತನ? ಅದಕ್ಕೆ ಇವನ ಮನೆಯ ಒಂದು ಕುರಿಯ ಉಣ್ಣೆಯೂ ಬಿದ್ದಿಲ್ಲ."

ಅವನ ಮುಖ ಬೀಟ್ರೂಟಿನಂತಾಯಿತು. ಹೌದು, ಅವನು. ಒಮ್ಮೆ ಬಾಯಿಂದ ಬಂದ ಮೇಲೆ ಮತ್ತೆ ಬಹುವಚನ ಹಾಕಲು ನನ್ನಿಂದಾಗುವುದಿಲ್ಲ. ಹಲಗೆಯ ಕಡೆ ಚಾಚಿದ ಕೈ ಹಾಗೇ ನಿಂತಿತ್ತು. ನನ್ನ ಮೇಲೆ ಕೂಗಲಿಲ್ಲ, ನನ್ನನ್ನು ನೋಡಲೂ ಇಲ್ಲ. ಮುಂದಿನ ಸಾಲಿನತ್ತ ತಿರುಗಿದ.

"ಅವ್ವಾ, ಕೇಳಿಸ್ತಾ? ಇಷ್ಟು ಜನರ ಮುಂದೆ ನಿನ್ನ ಸೊಸೆ ನನ್ನ ಹೆಸರು ಹಿಡಿದು ಕರೀತಿದ್ದಾಳೆ."

ಈಗ ಅತ್ತೆ ಎದ್ದು ಬಂದು ನನ್ನ ಕೆನ್ನೆಗೆ ಬಾರಿಸುತ್ತಾರೆ ಎಂದುಕೊಂಡೆ. ಬಾರಿಸಿದರೂ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಹಲ್ಲು ಕಚ್ಚಿ ನಿಂತೆ. ಅತ್ತೆ ನಿಧಾನವಾಗಿ ಎದ್ದರು. ಪಕ್ಕದ ಮುದುಕಿಯ ಭುಜ ಹಿಡಿದುಕೊಂಡು ನಿಂತರು.

"ಕೇಳಿಸ್ತು ಕಣೋ. ಕಿವಿ ಚೆನ್ನಾಗೇ ಇದೆ ನಂದು."

"ಮತ್ತೆ ಸುಮ್ನಿದ್ದೀಯಲ್ಲ?"

"ಏನು ಹೇಳ್ಲಿ? ಆ ಹೆಸರು ಇಟ್ಟವಳು ನಾನು. ಕರೆಯೋಕೆ ಅಂತಾನೇ ಇಟ್ಟಿದ್ದು." ಅತ್ತೆ ಮುದುಕಿಯ ಭುಜ ಬಿಟ್ಟು ನೆಟ್ಟಗೆ ನಿಂತರು. "ನೀನು ಸತ್ತ ನಿಮ್ಮಪ್ಪನ ಹೆಸರು ಹೇಳಿ ಗುಡಾರ ತೊಗೊಂಡ್ ಹೋದೆ. ಅವಳು ಬದುಕಿರೋ ನಿನ್ನ ಹೆಸರು ಹೇಳಿ ವಾಪಸ್ ಕೇಳ್ತಿದ್ದಾಳೆ. ಇದರಲ್ಲಿ ಮರ್ಯಾದೆ ತೆಗೆದವರು ಯಾರು ಅಂತ ನೀನೇ ಹೇಳು."

ಅತ್ತೆ ಕೂತುಕೊಂಡು ಮುಸುಕಿನ ತುದಿಯಿಂದ ಕಣ್ಣೊರೆಸಿಕೊಂಡರು. ಹಿರಿಮಗ. ಎದೆಹಾಲು ಕುಡಿಸಿದ ಮಗ. ನನಗೆ ಅವರ ಕಾಲು ಹಿಡಿದುಕೊಳ್ಳಬೇಕೆನಿಸಿತು, ಆದರೆ ಹಲಗೆ ಇನ್ನೂ ಊರ್ಸುಲಾಳ ಕೈಯಲ್ಲಿತ್ತು. ಮೊದಲು ಅಲ್ಲಿಗೆ ಹೋದೆ. ಈ ಮಾತುಗಳಲ್ಲಿ ಊರ್ಸುಲಾಳಿಗೆ ಎಷ್ಟು ಅರ್ಥವಾಯಿತೋ ಕಾಣೆ. ಜಿಪಾರ್ ಉಗುರು ನೋಡುವುದನ್ನು ಬಿಟ್ಟು, ಗಂಟಲು ಸರಿಮಾಡಿಕೊಂಡು, ಎಲ್ಲವನ್ನೂ ಬಿಡದೆ ದಾಟಿಸಿದಳು. ಕಲ್ಲಿದ್ದಲಿನ ಕಥೆ ಚಳಿಗಾಲಕ್ಕೆ ನೋಡೋಣ ಎಂದುಕೊಂಡಿರಬೇಕು. ಊರ್ಸುಲಾ ಎದ್ದು ನಿಂತು ಹಲಗೆಯನ್ನು ನನ್ನ ಕೈಗೆ ಕೊಟ್ಟಳು.

ಮಾರನೆಯ ಬೆಳಿಗ್ಗೆ ಗುಡಾರ ಬಿಚ್ಚಲು ಹೊರಟೆವು. ಬಾತ್ಮಾ ಬಂದಳು, ತರಗತಿಯ ಹೆಂಗಸರು ಅಷ್ಟೂ ಜನ ಬಂದರು. ಲಾರಿ ತಂದವರು ಯಾರು ಗೊತ್ತೇ? ನಮ್ಮ ಯಜಮಾನರು. ಅವತ್ತು ಕುದುರೆಗಳೆಲ್ಲ ಸರಿಯಾಗಿಯೇ ಇದ್ದವಂತೆ. ಲಾರಿಯಿಂದ ಇಳಿಯಲು ಮಾತ್ರ ಒಪ್ಪಲಿಲ್ಲ, ಸ್ಟೇರಿಂಗು ಹಿಡಿದು ಸರೋವರವನ್ನೇ ನೋಡುತ್ತಾ ಕೂತರು. ಆಗಲಿ, ತಂದರಲ್ಲ. ಅವರ ಪಕ್ಕದ ಸೀಟಿನಲ್ಲಿ ಅತ್ತೆ.

ತುರ್ದುಬಾಯ್ ದಡದಲ್ಲೇ ಇದ್ದ. ಜೇಬಿನಲ್ಲಿ ಕೈ ಇಟ್ಟುಕೊಂಡು, ಟೊಪ್ಪಿ ಹುಬ್ಬಿನವರೆಗೆ ಎಳೆದುಕೊಂಡು ನಿಂತಿದ್ದ. ಒಳಗಿದ್ದ ಪ್ರವಾಸಿಗರು ಚೀಲ ಹೊತ್ತು ಹೊರಬಂದು, ನಮ್ಮ ಜೊತೆ ಸೇರಿ ಹೊದಿಕೆ ಸುತ್ತಲು ಶುರು ಮಾಡಿದರು. ಹಗ್ಗ ಬಿಚ್ಚಿದೆವು, ಹೊದಿಕೆ ಇಳಿಸಿದೆವು. ಮುಖ ಒತ್ತಿ ನೋಡಿದೆ. ಯಾರದೋ ಸೆಂಟಿನ ವಾಸನೆ ಮೇಲಿತ್ತು, ಅದರ ಕೆಳಗೆ ಅವ್ವನ ಹೊಗೆ ಇತ್ತು. ನಾಲ್ಕು ಜನರ ಮುಂದೆಯೇ ಅತ್ತುಬಿಟ್ಟೆ.

ಇನ್ನು ಉಳಿದದ್ದು ಮೇಲಿನ ಚಕ್ರ. ಗಳುಗಳ ತುದಿಗಳೆಲ್ಲ ಅದರೊಳಗೆ ಸಿಕ್ಕಿರುತ್ತವೆ. ಗಳು ಕೀಳುವಾಗ ನಡುವೆ ಎತ್ತರದವರೊಬ್ಬರು ನಿಂತು ಕವೆಗೋಲಿನಿಂದ ಚಕ್ರವನ್ನು ಮೇಲೆತ್ತಿ ಹಿಡಿಯಬೇಕು, ಇಲ್ಲವಾದರೆ ಅದು ಬಿದ್ದು ಒಡೆಯುತ್ತದೆ. ನಾವೆಲ್ಲ ಗಿಡ್ಡರು. ಬಾತ್ಮಾ ಕೋಲು ಹಿಡಿದು ಕುಪ್ಪಳಿಸಿ ನೋಡಿದಳು, ಎಟುಕಲಿಲ್ಲ. ಪ್ರವಾಸಿ ಹುಡುಗರಿಗೆ ಹಿಡಿಯುವ ಬಗೆ ಗೊತ್ತಿಲ್ಲ. ಎಲ್ಲರೂ ಲಾರಿಯ ಕಡೆ ನೋಡಿದರು. ನಮ್ಮ ಯಜಮಾನರು ಸರೋವರ ನೋಡುತ್ತಿದ್ದರು.

ಇನ್ನು ಅಲ್ಲಿ ಎತ್ತರದವನೆಂದರೆ ದಡದಲ್ಲಿ ನಿಂತವನೊಬ್ಬನೇ. ನಾನು ಕೋಲು ತೆಗೆದುಕೊಂಡು ಹೋಗಿ ಅವನೆದುರು ನಿಂತೆ.

"ತುರ್ದುಬಾಯ್, ಬಾ. ಚಕ್ರ ಹಿಡಿ" ಎಂದೆ.

ಅವನು ಲಾರಿಯತ್ತ ನೋಡಿದ. ಗಾಜಿನ ಹಿಂದೆ ಅತ್ತೆ ಅವನನ್ನೇ ನೋಡುತ್ತಾ ಕೂತಿದ್ದರು. ಜೇಬಿನಿಂದ ಕೈ ತೆಗೆದ. ಕೋಲು ಈಸಿಕೊಂಡು, ಗಳುಗಳ ನಡುವೆ ಬಗ್ಗಿ ಹೋಗಿ ನಿಂತು, ಕವೆಯನ್ನು ಚಕ್ರಕ್ಕೆ ಕೊಟ್ಟ.

"ಇನ್ನೂ ಸ್ವಲ್ಪ ಮೇಲೆ" ಎಂದೆ.

ಎತ್ತಿದ.